ಗಾಜಿನ ಮೇಲೆ ಹತ್ತು ಬೆರಳು

ದಾಕ್ಷಾಯಿಣಿ ಮೇಡಂ ಮೊಬೈಲನ್ನು ಮುಟ್ಟುತ್ತಿರಲಿಲ್ಲ, ಕುಟ್ಟುತ್ತಿದ್ದರು. ಮೂರು ಕಾರ್ಬನ್ ಹಾಳೆ ದಾಟಿ ಕೊನೆಯ ಪ್ರತಿಯಲ್ಲೂ ಅಕ್ಷರ ಮೂಡಬೇಕೆಂದು ಜೀವಮಾನವಿಡೀ ಟೈಪ್‌ರೈಟರ್ ಒತ್ತಿದ ಬೆರಳುಗಳು ಅವು. ಮಡಿಕೇರಿಯ ನನ್ನ ಮೊಬೈಲ್ ಅಂಗಡಿಗೆ ಮೊದಲ ಸಲ ಬಂದ ದಿನ, ಹೊಸ ಫೋನನ್ನು ಕೌಂಟರಿನ ಮೇಲೆ ಅಡ್ಡಲಾಗಿ ಮಲಗಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಅದರ ಮೇಲಿಟ್ಟರು. ಬೆರಳುಗಳು ಗಾಜಿಗೆ ತಾಗಿದ್ದೇ ತಡ, ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಸುರಿದವು. ಮೇಡಂ ಹೌಹಾರಿ ಕೈ ಹಿಂದೆಳೆದುಕೊಂಡರು. ನನಗೆ ನಗು ಬಂತು. ಅವರ ಕುತ್ತಿಗೆಗೆ ಸುತ್ತಿದ್ದ ಬಿಳಿ ಬಟ್ಟೆ ಕಂಡು ಅದು ಅಲ್ಲೇ ನಿಂತಿತು.

ಗಂಟಲಿನ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಆಪರೇಷನ್ ಆಗಿ, ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಇನ್ನು ಮಾತೆಂದರೆ ಆ ಫೋನೇ.

ಹೋದ ಧ್ವನಿ ಎಂಥದು ಎಂದು ನನ್ನನ್ನು ಕೇಳಬೇಕು. ಪಿಯುಸಿ ಮುಗಿಸಿ ಸಂಪಾಜೆಯಿಂದ ಬಸ್ಸು ಹತ್ತಿ ಅವರ ಟೈಪಿಂಗ್ ಕ್ಲಾಸಿಗೆ ಬರುತ್ತಿದ್ದವಳು ನಾನು. ಸಾಲಾಗಿಟ್ಟ ಮಷೀನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುವಾಗಲೂ ಅವರ ಮಾತು ಬೀದಿಗೆ ಕೇಳುತ್ತಿತ್ತು. ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿ ಟೈಪ್ ಮಾಡಿಸುತ್ತಿದ್ದರು. "ಕೈ ಯಾಕೆ ನೋಡ್ತೀಯ ಜಯಂತಿ? ಅದೇನು ಓಡೋಗ್ತದಾ?" ಎನ್ನುವರು. ಕಿರುಬೆರಳಿನ ಅಕ್ಷರ ಮಸುಕಾದರೆ, "ನಿಮ್ಮನೇಲಿ ಈ ಬೆರಳಿಗೆ ಊಟ ಹಾಕಲ್ವಾ?" ಎಂದು ಕಾಲೆಳೆಯುವರು. ಅವರಿಗೆ ಸಹಿಸಲಾಗದ ತಪ್ಪು ಒಂದೇ, ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾಯಿ ಹಾಕುವುದು. "ಅವ್ಳು ಮುಗಿಸ್ಲಿ. ಪೂರ್ಣವಿರಾಮ ಬಿದ್ಮೇಲೆ ನೀನು ಶುರು ಮಾಡು" ಎಂದು ಗದರುವರು.

ಅಂಥವರಿಗೆ ಈಗ ನಾನು ಪಾಠ ಹೇಳಬೇಕಾಯಿತು. ಹಳೆಯ ಮಷೀನಿನ ಕ್ರಮದಲ್ಲೇ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಬೋರ್ಡ್ ಹಾಕಿಕೊಟ್ಟೆ. ಅದರ ಎತ್ತರ ಹೆಚ್ಚಿಸಿದೆ, ಬಣ್ಣ ಕಪ್ಪು ಮಾಡಿದೆ. ಒತ್ತಿದಾಗಲೆಲ್ಲ ಟಕ್ ಎನ್ನುವ ಸದ್ದನ್ನೂ ಇಟ್ಟೆ. ಸದ್ದಿಲ್ಲದಿದ್ದರೆ ಅಕ್ಷರ ಬಿದ್ದಿದೆ ಎಂಬ ನಂಬಿಕೆಯೇ ಅವರಿಗೆ ಬರುತ್ತಿರಲಿಲ್ಲ. ಆದರೆ ಬೆರಳುಗಳನ್ನು ಗಾಜಿನಿಂದ ಮೇಲೆತ್ತಿ ಹಿಡಿದು ಒಂದೊಂದನ್ನೇ ಇಳಿಸುವುದಕ್ಕೆ ವಾರಗಟ್ಟಲೆ ಹಿಡಿಯಿತು. ಸಾಲು ಮುಗಿದಾಗ ಎಡಗೈ ತಾನಾಗಿ ಮೇಲೇಳುತ್ತಿತ್ತು. ಮಷೀನಿನಲ್ಲಿ ಹೊಸ ಸಾಲಿಗೆ ಹೋಗಲು ಎಡಬದಿಯ ಹಿಡಿಕೆ ಹಿಡಿದು ತಳ್ಳುವ ಅಭ್ಯಾಸ ಅದು. ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ನಾಚಿಕೊಂಡು ಕೆಳಗಿಳಿಯುತ್ತಿತ್ತು.

ಎರಡು ಅಕ್ಷರ ಒತ್ತಿದೊಡನೆ ಫೋನು ತಾನೇ ಮುಂದಿನ ಪದ ತೋರಿಸುತ್ತದಲ್ಲ, ಅದನ್ನು ಕಂಡು ಅವರಿಗೆ ಕೆಂಡದಂಥ ಕೋಪ ಬಂತು. "ಇದನ್ನು ತೆಗಿ. ನನ್ನ ಮಾತು ನಾನೇ ಮುಗಿಸ್ತೀನಿ" ಎಂದು ಬರೆದು ತೋರಿಸಿದರು. ತೆಗೆದೆ. ಬರೆದದ್ದನ್ನು ಓದಿ ಹೇಳುವ ಯಂತ್ರದ ಹೆಣ್ಣುದನಿಯೂ ಹಿಡಿಸಲಿಲ್ಲ. "ಈ ಹುಡುಗಿಗೆ ಸಿಟ್ಟೇ ಬರಲ್ವಾ?" ಎಂದು ಬರೆದರು. ಅದನ್ನೂ ಆ ದನಿ ಸಮಾಧಾನವಾಗಿಯೇ ಓದಿತು.

ಎಲ್ಲಕ್ಕಿಂತ ಅವರನ್ನು ಹಿಂಸಿಸಿದ್ದು ಬೇರೆ. ಗಾಜಿನ ಮೇಲೆ ತಡಕಿ ಗುರುತು ಹಿಡಿಯಲು ಏನೂ ಇಲ್ಲ, ಹಾಗಾಗಿ ಬರೆಯುವಾಗ ತಲೆ ತಗ್ಗಿಸಿ ಕೈಯನ್ನೇ ನೋಡಬೇಕು. ಮಾತಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವರು ಅವರು. ಈಗ ಎದುರು ಕೂತರೆ ನನಗೆ ಕಾಣುವುದು ಅವರ ಬೈತಲೆ ಮಾತ್ರ. ಅವರು ತಲೆಯೆತ್ತುವಷ್ಟರಲ್ಲಿ ಎದುರಿಗಿದ್ದವರು ಅರ್ಧಂಬರ್ಧ ಊಹಿಸಿ ಉತ್ತರ ಕೊಟ್ಟು ಎದ್ದಿರುತ್ತಿದ್ದರು.

ಕುಶಾಲನಗರದಲ್ಲಿ ಶುಂಠಿ ವ್ಯಾಪಾರ ಮಾಡುವ ಅವರ ತಮ್ಮ ರುದ್ರಣ್ಣನೂ ಹಾಗೆಯೇ. ಅಕ್ಕನನ್ನು ತನ್ನ ಮನೆಗೆ ಕರೆದೊಯ್ದು ಕಣ್ಣಲ್ಲಿಟ್ಟು ನೋಡಿಕೊಂಡವರು, ಕೆಟ್ಟವರಲ್ಲ. ಆದರೆ ಅವಸರ. ಗೆಡ್ಡೆ ಮತ್ತೆ ಕುತ್ತಿಗೆಯಲ್ಲಿ ಕಾಣಿಸಿಕೊಂಡಾಗ ಮಂಗಳೂರಿನ ಡಾಕ್ಟರು ಇನ್ನೊಂದು ಆಪರೇಷನ್ ಮಾಡಿ ನೋಡಬಹುದು, ಹೆಚ್ಚಿನ ಭರವಸೆಯೇನೂ ಇಲ್ಲ ಎಂದರು. ಮೇಡಂ ಉತ್ತರ ಬರೆಯುತ್ತ ಕೂತಿದ್ದರು. "ಮಾಡ್ಸಣ ಡಾಕ್ಟ್ರೇ. ಅಕ್ಕಂಗೂ ಒಪ್ಪಿಗೆ" ಎಂದುಬಿಟ್ಟರು ರುದ್ರಣ್ಣ. ಮೇಡಂ ತಲೆಯೆತ್ತುವ ಹೊತ್ತಿಗೆ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಅಲ್ಲಿಂದ ವಾಪಸ್ ಬರುವಾಗ ಮೇಡಂ ಕೈ ತೋರಿಸಿ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ನಡೆದದ್ದನ್ನು ಬರೆದು ತೋರಿಸಿ, "ಒಂದೇ ಅಕ್ಷರ ಒತ್ತಿದರೆ ಪೂರ್ತಿ ಮಾತು ಬರುವ ಹಾಗೆ ಮಾಡಲು ಆಗುತ್ತಾ?" ಎಂದು ಕೇಳಿದರು. ಆಗುತ್ತದೆ. ಮಾಡಿಕೊಟ್ಟೆ. ಮಾತು ಏನೆಂದು ಅವರೇ ಬರೆದರು. ಓದಿ ಅವರ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆಯೇ ಉಳಿಸಿದೆ.

ಮುಂದಿನ ಸಲ ಅವರೇ ಕೇಳಿದ್ದರಿಂದ ನಾನೂ ಜೊತೆಗೆ ಹೋದೆ. ಡಾಕ್ಟರು ಆಪರೇಷನ್ನಿನ ದಿನ ಹೇಳುತ್ತಿದ್ದಂತೆ ಮೇಡಂ ಕಿರುಬೆರಳಿನಿಂದ ಆ ಅಕ್ಷರ ಒತ್ತಿ ಫೋನು ಎತ್ತಿ ಹಿಡಿದರು. "ನನಗೆ ಇನ್ನೊಂದು ಆಪರೇಷನ್ ಬೇಡ. ನೋವಿಗೆ ಮಾತ್ರ ಔಷಧಿ ಕೊಡಿ. ಇದು ನನ್ನ ತೀರ್ಮಾನ. ದಯವಿಟ್ಟು ನನ್ನನ್ನೇ ಕೇಳಿ" ಎಂದಿತು ಆ ಸಿಟ್ಟಿಲ್ಲದ ಹೆಣ್ಣುದನಿ, ಕೋಣೆಯಲ್ಲಿದ್ದವರೆಲ್ಲ ಬೆಚ್ಚಿ ನೋಡುವಷ್ಟು ಜೋರಾಗಿ. ಮೇಡಂ ಫೋನು ನೋಡುತ್ತಿರಲಿಲ್ಲ, ಡಾಕ್ಟರ ಮುಖ ನೋಡುತ್ತಿದ್ದರು. ಡಾಕ್ಟರು ಕುರ್ಚಿಯನ್ನು ಅವರ ಕಡೆ ಎಳೆದುಕೊಂಡು, ಅವರು ಬರೆದು ಮುಗಿಸುವವರೆಗೂ ಕಾದು, ಒಂದೊಂದಾಗಿ ಎಲ್ಲ ವಿಚಾರಿಸಿದರು. ಆಪರೇಷನ್ ನಿಂತಿತು.

ಹೊರಗೆ ಬಂದು ರುದ್ರಣ್ಣ ನನ್ನನ್ನು ನೋಡಿದ ನೋಟ, ಮೇಡಂ ತೀರಿಕೊಂಡು ಇಷ್ಟು ದಿನವಾದರೂ ಚುಚ್ಚುತ್ತದೆ. "ಬದುಕೋ ದಾರಿ ಇತ್ತಲ್ಲ. ಮುಚ್ಚೋದಕ್ಕೆ ನೀನೇ ಬಟನ್ ಮಾಡ್ಕೊಟ್ಟೆ" ಎಂದರು. ಮೇಡಂ ಫೋನು ಎತ್ತಿಕೊಂಡರು. ಅವರು ಬರೆದು ಮುಗಿಸುವುದಕ್ಕೆ ರುದ್ರಣ್ಣ ನಿಲ್ಲಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಕುಶಾಲನಗರದ ಆ ಮನೆಯಲ್ಲಿ, ಮಧ್ಯಾಹ್ನದ ಹೊತ್ತು. ರುದ್ರಣ್ಣ ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಮೇಡಂ ದಿಂಬಿಗೆ ಒರಗಿದ್ದರು. ಕೈಗಳು ಬಾತುಹೋಗಿದ್ದವು. ಫೋನು ಕೊಟ್ಟೆ. ಒಂದು ಅಕ್ಷರ ಒತ್ತಿದರೆ ನಾಲ್ಕು ಬಿದ್ದವು. ಅಳಿಸಿದರು, ಮತ್ತೆ ಒತ್ತಿದರು, ಮತ್ತೆ ಅದೇ. ಒಂದೇ ಅಕ್ಷರ ಒತ್ತಿದರೆ ಬರುವ ಮಾತು ಇನ್ನೂ ಇತ್ತು, ಆದರೆ ಅವರಿಗೆ ಹೇಳಬೇಕಾಗಿದ್ದದ್ದು ಅದಲ್ಲ. ಫೋನನ್ನು ಪಕ್ಕಕ್ಕೆ ಸರಿಸಿಬಿಟ್ಟರು.

ಆಮೇಲೆ ಎರಡೂ ಕೈಗಳನ್ನು ಕಂಬಳಿಯ ಮೇಲೆ ಇಟ್ಟರು. ಎಂಟು ಬೆರಳುಗಳು ಬಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು, ಹೆಬ್ಬೆರಳುಗಳು ನಡುವೆ ನಿಂತವು. ನೆಟ್ಟ ನೋಟದಿಂದ ನನ್ನ ಮುಖ ನೋಡುತ್ತ ಟೈಪ್ ಮಾಡತೊಡಗಿದರು. ಎಷ್ಟೋ ತಿಂಗಳ ಮೇಲೆ ಅವರು ನನ್ನ ಕಣ್ಣು ನೋಡಿ ಮಾತಾಡುತ್ತಿದ್ದರು. ಬೆರಳುಗಳನ್ನು ಹಿಂಬಾಲಿಸಲು ನೋಡಿದೆ, ಒಂದು ಪದವೂ ಹಿಡಿಯಲಿಲ್ಲ. ಹೂಂ, ಗೊತ್ತಾಯ್ತು ಮೇಡಂ ಎಂದುಬಿಡೋಣ ಅನ್ನಿಸಿ ತುಟಿ ಕಚ್ಚಿಕೊಂಡೆ.

ರುದ್ರಣ್ಣ ಬಾಗಿಲಿಂದ ಒಳಗೆ ಬಂದರು. "ಏನು ಹೇಳ್ತಾ ಇದ್ದಾಳೆ?" ಎಂದರು, ಎಷ್ಟೋ ದಿನಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

"ಇನ್ನೂ ಮುಗಿಸಿಲ್ಲ ಅಣ್ಣ" ಎಂದೆ.

ಅವರು ಮಂಚದ ಇನ್ನೊಂದು ಬದಿಗೆ ಬಂದು ಕೂತರು. ಮೇಡಂ ಅವರ ಮುಖವನ್ನೂ ಒಮ್ಮೆ ನೋಡಿ, ಎಡಗೈ ಎತ್ತಿ ಗಾಳಿಯಲ್ಲಿ ಮಷೀನಿನ ಹಿಡಿಕೆ ತಳ್ಳಿ, ಮುಂದಿನ ಸಾಲು ಶುರು ಮಾಡಿದರು.