ಏಳನೇ ನಂಬರಿನ ಪುಡಿ

ಹೊಸೂರಿನ ಆಲಸನತ್ತಂನಲ್ಲಿ ಚಾಕು, ಕತ್ತರಿ, ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಿದ್ದ ಚನ್ನಕೇಶವ, ಯಾರು ಏನು ಕೊಟ್ಟರೂ ಮೊದಲು ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕೂದಲೆಳೆಯ ಹತ್ತನೇ ಪಾಲನ್ನು ಅಳೆದು ಪಳಗಿದ ಕಣ್ಣು ಅದು. ಸೊಪ್ಪು ಹೆಚ್ಚುವ ಚಾಕುವಿಗೆ ಅಷ್ಟೆಲ್ಲ ಬೇಕಾಗಿರಲಿಲ್ಲ.

"ಬಿರ್ರನೆ ಕೊಡಪ್ಪಾ, ಒಲೆ ಮೇಲೆ ಬೇಳೆ ಇಟ್ಟು ಬಂದಿವ್ನಿ" ಎಂದು ಹೆಂಗಸರು ರೇಗುತ್ತಿದ್ದರು. ತನಗೆ ಸರಿ ಅನ್ನಿಸುವವರೆಗೆ ಅವನು ಕೊಡುತ್ತಿರಲಿಲ್ಲ.

ಅವನು ಮಾಗಡಿ ಕಡೆಯವನು. ಐಟಿಐ ಮುಗಿಸಿ ಎಂಬತ್ತೆಂಟರಲ್ಲಿ ಹೊಸೂರಿಗೆ ಬಂದು, ವಾಹನಗಳ ಗೇರು ತಯಾರಿಸುವ ಒಂದು ಕಾರ್ಖಾನೆಯ ಗ್ರೈಂಡಿಂಗ್ ವಿಭಾಗಕ್ಕೆ ಸೇರಿದ. ಹದಿಮೂರು ವರ್ಷ ಒಂದೇ ಮಿಷಿನ್ನು, ಏಳನೇ ನಂಬರು. ಅದರ ಸದ್ದು ಒಂದಿಷ್ಟು ಬದಲಾದರೆ ಕ್ಯಾಂಟೀನಿನಲ್ಲಿ ಕೂತವನು ತಟ್ಟೆ ಬಿಟ್ಟು ಏಳುತ್ತಿದ್ದ ಎಂದು ಜೊತೆಯವರು ಹೇಳುತ್ತಾರೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಬಹಳ ಇರಲಾರದು.

ಎರಡು ಸಾವಿರದ ಒಂದರಲ್ಲಿ ಮುಷ್ಕರವಾಯಿತು. ಗುತ್ತಿಗೆಯವರನ್ನು ಕಾಯಂ ಮಾಡಬೇಕೆಂಬುದು ಬೇಡಿಕೆ. ಚನ್ನಕೇಶವ ಕಾಯಂ ಆಗಿದ್ದವನು, ತನಗಾಗಿ ಕೂತಿರಲಿಲ್ಲ. ಗೇಟಿನ ಮುಂದೆ ಚಪ್ಪರ ಹಾಕಿ, ಬೇರೆ ವಿಭಾಗದಲ್ಲಿದ್ದ ನಾನೂ ಸೇರಿ, ಎಂಬತ್ತೊಂಬತ್ತು ದಿನ ಕೂತೆವು. ಕೊನೆಗೆ ಕಂಪನಿ ಒಂದು ಕಾಗದ ತಂದಿತು. ಇನ್ನು ಯಾವ ಗಲಾಟೆಗೂ ಹೋಗುವುದಿಲ್ಲ ಎಂದು ಸಹಿ ಹಾಕಿದವರು ಒಳಗೆ, ಹಾಕದವರು ಹೊರಗೆ. ಹನ್ನೊಂದು ಜನ ಹಾಕಲಿಲ್ಲ. ಸೋತೆವು, ಅದಕ್ಕೆ ಬೇರೆ ಹೆಸರು ಇಡಬೇಕಾಗಿಲ್ಲ.

ಸಹಿ ಹಾಕಿದವರಲ್ಲಿ ಲಕ್ಷ್ಮೀಪತಿ ಒಬ್ಬ. ಬೇರಿಕೆಯ ರೈತರ ಮನೆಯವನು, ಚನ್ನಕೇಶವನ ಕೈಕೆಳಗೇ ಕೆಲಸ ಕಲಿತವನು. ಏಳನೇ ನಂಬರನ್ನು ಕಂಪನಿ ಅವನಿಗೇ ಕೊಟ್ಟಿತು. ಅವತ್ತಿನಿಂದ ಚನ್ನಕೇಶವ ಅವನ ಜೊತೆ ಮಾತು ಬಿಟ್ಟ.

ಹೊರಬಿದ್ದವರ ಕೇಸು ಮೊದಲು ಧರ್ಮಪುರಿಯಲ್ಲಿ, ಜಿಲ್ಲೆ ಒಡೆದ ಮೇಲೆ ಕೃಷ್ಣಗಿರಿಯಲ್ಲಿ ನಡೆಯಿತು. ಲೆಕ್ಕ ಮುಗಿಸಿಕೊಂಡು ಹೋಗು ಎಂದು ಕಂಪನಿ ಎರಡು ಸಲ ಹೇಳಿತು. ಎರಡು ಸಲವೂ ಚನ್ನಕೇಶವನದು ಒಂದೇ ಉತ್ತರ: "ಏಳನೇ ನಂಬರು ಕೊಡಿ, ಒಳಗೆ ಹೋಗ್ತೀನಿ."

ಆ ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಕಾರಿನ ಪಂದ್ಯ ಆಡುತ್ತಿದ್ದರು. ಮಾವಿನ ಹಲಗೆಯಲ್ಲಿ ಕೊರೆದ, ಗೇಣುದ್ದದ ಕಾರು. ಚಕ್ರಕ್ಕೆ ರಿಜೆಕ್ಟ್ ಆದ ಸಣ್ಣ ಬೇರಿಂಗು. ಇಳಿಜಾರಾಗಿ ನಿಲ್ಲಿಸಿದ ಹಲಗೆಯ ಮೇಲಿಂದ ಬಿಟ್ಟಾಗ ನೆಲದ ಮೇಲೆ ಯಾವುದು ದೂರ ಓಡುತ್ತದೋ ಅದು ಗೆದ್ದಂತೆ. ತೂಕ ಅರ್ಧ ಕೆಜಿ ಮೀರಬಾರದು, ಕಮ್ಮಿಯಾದರೆ ದೂರ ಓಡುವುದಿಲ್ಲ. ಇನ್ನೊಂದು ಕಟ್ಟಳೆ ಇತ್ತು, ಯಾರು ಮಾಡಿದ್ದೋ ಗೊತ್ತಿಲ್ಲ: ತೂಕಕ್ಕೆ ತುಂಬುವುದು ಅವರವರ ಮಿಷಿನ್ನಿನ ಪುಡಿಯೇ ಆಗಿರಬೇಕು. ಪೂಜೆಗೆ ಮಿಷಿನ್ನು ತೊಳೆದಾಗ ಸಿಗುವ ಲೋಹದ ಪುಡಿಯನ್ನು ಸೀಮೆಎಣ್ಣೆಯಲ್ಲಿ ಜಾಲಿಸಿ, ಒಣಗಿಸಿ, ಅಯಸ್ಕಾಂತ ಆಡಿಸಿ ಕಲ್ಲಿನ ಪುಡಿಯನ್ನು ಬೇರೆ ಮಾಡಿ ಕಾರಿನ ಹೊಟ್ಟೆಗೆ ತುಂಬುತ್ತಿದ್ದರು.

ಮೊದಲ ವರ್ಷ ಚನ್ನಕೇಶವ ಪುಡಿಯನ್ನು ಹಾಗೇ ಸುರಿದು ಬಿರಡೆ ಹಾಕಿದ. ಇಳಿಜಾರಿನಲ್ಲಿ ಪುಡಿಯೆಲ್ಲ ಮುಂದಕ್ಕೆ ಜಾರಿ, ನೆಲ ಮುಟ್ಟಿದ ಕಾರು ಮೂತಿ ಊರಿ ಪಲ್ಟಿ ಹೊಡೆಯಿತು. ಎರಡನೇ ವರ್ಷ ಅಂಜನಪ್ಪನ ಮಾತು ಕೇಳಿದ. ಅಂಜನಪ್ಪ ಕೋಲಾರದ ಗಣಿಯಲ್ಲಿ ಕಬ್ಬಿಣದ ಪುಡಿ ಮೆತ್ತಿ ಬಾಯ್ಲರಿನ ಸಂದು ಮುಚ್ಚಿದ್ದು, ಆಮೇಲೆ ಈ ಕಾರ್ಖಾನೆಗೆ ಬಂದಿದ್ದ ಹಳೆಯ ಫಿಟ್ಟರು.

"ಉಪ್ಪುನೀರಾಗೆ ಕಲ್ಸಿ ತುಂಬ್ಲಾ. ತುಕ್ಕು ಹಿಡ್ದು ಕಲ್ಲಾಗ್ಬುಡ್ತದೆ. ನಿನ್ನಪ್ಪ ಬಂದ್ರೂ ಅಲ್ಲಾಡಲ್ಲ."

ಅಲ್ಲಾಡಲಿಲ್ಲ, ಊದಿತು. ತುಕ್ಕು ಹಿಡಿದ ಕಬ್ಬಿಣ ಹಿಗ್ಗುತ್ತದೆ ಎಂಬುದನ್ನು ಅಂಜನಪ್ಪ ಹೇಳಿರಲಿಲ್ಲ. ಪೂಜೆಯ ಬೆಳಿಗ್ಗೆ ನೋಡಿದರೆ ಹಲಗೆ ಉದ್ದಕ್ಕೂ ಸೀಳಿತ್ತು. "ಕೇಶವನ ಕಾರು ಬಸ್ರಿಯಾಗಿ ಹೆತ್ಬುಟ್ಟೈತೆ, ಮಂಡಕ್ಕಿ ಹಂಚ್ರಪ್ಪೋ" ಎಂದು ಗ್ರೈಂಡಿಂಗ್ ಶಾಪಿಗೆ ಶಾಪೇ ನಕ್ಕಿತು.

ಮೂರನೇ ವರ್ಷ ಬೇರಿಕೆ ಸಂತೆಗೆ ಹೋದ. ಅಲ್ಲಿ ಮುತ್ತರಾಯಪ್ಪ ಎಂಬ ಮುದುಕ ಕುಡುಗೋಲುಗಳಿಗೆ ಅರಗು ಹಾಕಿ ಹಿಡಿ ಕೂರಿಸುತ್ತಿದ್ದ. ಒಮ್ಮೆ ಕೂತ ಹಿಡಿ ಹತ್ತು ಸುಗ್ಗಿ ಕಳೆದರೂ ಅಲುಗುತ್ತಿರಲಿಲ್ಲ.

"ಅರಗು ಕಾಯಿಸಿದ್ರೆ ಸಾಲ್ದು ಕಣಪ್ಪ, ಕಬ್ಬಿಣಾನೂ ಕಾದಿರ್ಬೇಕು" ಎಂದ ಮುತ್ತರಾಯಪ್ಪ. "ತಣ್ಣಗಿರೋ ಪುಡೀನ ಅರಗು ಹಿಡ್ಕಳಲ್ಲ. ಅತ್ತ ಅರಗು, ಇತ್ತ ಪುಡಿ ಆಯ್ತದೆ."

ಒಂದು ಭಾನುವಾರದಲ್ಲಿ ಕಲಿಯಬಹುದಾದ ಕೆಲಸ. ಚನ್ನಕೇಶವ ನಾಲ್ಕು ಭಾನುವಾರ ಹೋದ. ತಿದಿ ಒತ್ತುತ್ತಿದ್ದವಳು ಮುದುಕನ ಮಗಳು ವರಲಕ್ಷ್ಮಮ್ಮ. ಐದನೇ ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದ. ಆ ವರ್ಷ ಪಂದ್ಯ ಗೆದ್ದ, ಆಮೇಲೂ ಆರು ಸಲ ಗೆದ್ದ.

ಮುಷ್ಕರಕ್ಕೆ ಹೊರಟ ದಿನ ಅವನ ಊಟದ ಚೀಲದಲ್ಲಿ ಏಳನೇ ನಂಬರಿನ ಪುಡಿಯ ಡಬ್ಬಿಯೊಂದಿತ್ತು. ಗೇಟಿನ ಕಾವಲಿನವನು ಮುಚ್ಚಳ ತೆಗೆದು ನೋಡಿ, "ಎನ್ನಪ್ಪಾ ಇದು, ಕುಪ್ಪೆಯಾ?" ಎಂದ. ಹೌದು, ಕಸವೇ, ಎಂದು ಇವನು ಚೀಲ ಹೆಗಲಿಗೇರಿಸಿದ. ಹದಿಮೂರು ವರ್ಷದ ಕೆಲಸದಲ್ಲಿ ಅವನ ಕೈಯಲ್ಲಿ ಉಳಿದದ್ದು ಅಷ್ಟೇ.

ಆಮೇಲೂ ಪ್ರತಿ ಆಯುಧಪೂಜೆಗೆ ಮನೆಯಲ್ಲಿ ಒಂದು ಕಾರು ಮಾಡಿದ. ಓಡಿಸಲು ಜಾಗವಿಲ್ಲ, ಜೊತೆಗೆ ಯಾರೂ ಇಲ್ಲ. ಹೋದ ವರ್ಷದ ಕಾರನ್ನು ಹದವಾಗಿ ಕಾಯಿಸಿ ಹೊಟ್ಟೆಯ ಗಟ್ಟಿ ಕೆದಕಿ ತೆಗೆದು, ಅದರ ಅರಗು ಸುಟ್ಟು, ಪುಡಿ ಬಿಡಿಸಿ ಹೊಸದಕ್ಕೆ ತುಂಬುತ್ತಿದ್ದ. ಗೂಡಿನಲ್ಲಿ ಐದು ಕಾರುಗಳ ಸಾಲು. ನಾಲ್ಕರ ಹೊಟ್ಟೆ ಖಾಲಿ, ಕೊನೆಯದಕ್ಕೆ ಮಾತ್ರ ತೂಕ. "ಇದ್ಯಾವ ಹರಕೆ ರೀ ನಿಮ್ದು?" ಎಂದು ವರಲಕ್ಷ್ಮಮ್ಮ ಕೇಳುತ್ತಿದ್ದಳು. ಅವನು ಹಲಗೆ ಉಜ್ಜುತ್ತಲೇ ಇರುತ್ತಿದ್ದ. ಉತ್ತರ ಅವಳಿಗೆ ಗೊತ್ತಿತ್ತು.

ಎರಡು ಸಾವಿರದ ಆರರ ಪೂಜೆಗೆ ಮೊದಲು ಬೇರಿಕೆ ಸಂತೆಯಲ್ಲಿ ಲಕ್ಷ್ಮೀಪತಿ ಅವಳಿಗೆ ಸಿಕ್ಕಿದ. "ಅಣ್ಣ ಕಾರು ಮಾಡಿಕೊಟ್ರೆ ನನ್ನ ಹೆಸ್ರಲ್ಲಿ ಒಳಗೆ ಓಡಿಸ್ತೀನಿ ಅಂತ ಹೇಳಕ್ಕಾ" ಎಂದನಂತೆ. ಅವಳು ಹೆದರಿಕೊಂಡೇ ಗಂಡನಿಗೆ ಹೇಳಿದಳು. ಅವನು ಬೈಯಲಿಲ್ಲ. ಮಾರನೆಯ ದಿನ ಮಾವಿನ ಹಲಗೆ ತಂದ. ತನ್ನ ಕಾಲು ತುಳಿಯಲಾಗದ ಆ ನೆಲದ ಮೇಲೆ ಏಳನೇ ನಂಬರಿನ ಪುಡಿಯಾದರೂ ಒಮ್ಮೆ ಓಡಲಿ. ಅವನ ಆಸೆ ಈಗ ಅಷ್ಟಕ್ಕೆ ಇಳಿದಿತ್ತು.

ಕಾರು ಮುಗಿಸಿ ವೆಂಕಟಸ್ವಾಮಿಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟ. ನಲವತ್ತು ಗ್ರಾಂ ಕಮ್ಮಿ. ಐದು ವರ್ಷ ಕಾಯಿಸಿ ಬಿಡಿಸುವಾಗ ಒಲೆಗೆ, ಗಾಳಿಗೆ ಹೋದ ಪುಡಿ ಅದು.

"ನಿಮ್ಮ ಸಾಣೆಕಲ್ಲಿನ ಕೆಳಗೆ ಬಿದ್ದಿರೋದೂ ಕಬ್ಬಿಣಾನೇ ಅಲ್ವಾ? ಅದ್ನೇ ತುಂಬಿ" ಎಂದಳು ವರಲಕ್ಷ್ಮಮ್ಮ.

"ಅದು ನನ್ನ ಮಿಷಿನ್ ಅಲ್ಲ."

ಅವತ್ತು ಮೊದಲ ಶಿಫ್ಟು ಬಿಡುವ ಹೊತ್ತಿಗೆ ಕಂಪನಿ ಬಸ್ಸು ನಿಲ್ಲುವಲ್ಲಿ ಹೋಗಿ ನಿಂತ. ಲಕ್ಷ್ಮೀಪತಿ ಇಳಿದ. ಐದು ವರ್ಷದ ಮೇಲೆ ಮಾತು ಶುರುವಾದದ್ದು ಹೀಗೆ:

"ಏಳರ ಪುಡಿ ಬೇಕು. ನಲವತ್ತು ಗ್ರಾಂ."

ಲಕ್ಷ್ಮೀಪತಿ ನೆಲ ನೋಡಿದ. "ಬೇರೆ ಮಿಷಿನ್‌ದು ಆಗಲ್ವಾಣ್ಣಾ?"

"ರೂಲು ಮರ್ತೋಯ್ತಾ? ರೂಲು ಅಂದ್ರೆ ಮುಂಚೆ ಓಡೋಗಿ ಸೈನ್ ಹಾಕೋನಲ್ವೇನ್ಲಾ ನೀನು?"

ಲಕ್ಷ್ಮೀಪತಿ ಅದನ್ನು ನುಂಗಿಕೊಂಡ. "ತತ್ತೀನಿ ಬಿಡಣ್ಣಾ" ಎಂದ.

ಎರಡು ದಿನ ಬಿಟ್ಟು ಮಧ್ಯಾಹ್ನ ಬಂದ. ಚನ್ನಕೇಶವ ಬಾಗಿಲಲ್ಲೇ ಅರಗಿನ ಬಟ್ಟಲು ಒಲೆಯ ಮೇಲಿಟ್ಟು ಕೂತಿದ್ದ. ಲಕ್ಷ್ಮೀಪತಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೊಟ್ಟು, ಚಪ್ಪಲಿ ಬಿಡದೆ ನಿಂತ. ಚನ್ನಕೇಶವ ಪೊಟ್ಟಣ ಬಿಚ್ಚಿದ.

ಕೆಂಪಗಿತ್ತು. ಓಡುವ ಮಿಷಿನ್ನಿನ ಪುಡಿ ಬೂದು ಬಣ್ಣದ್ದು, ಎಣ್ಣೆಯ ಜಿಡ್ಡಿಗೆ ಬೆರಳಿಗೆ ಮೆತ್ತುತ್ತದೆ. ಇದು ಇಟ್ಟಿಗೆ ಚೂರಿನ ಹಾಗೆ ಒಣಗಿ ಹೆಪ್ಪುಗಟ್ಟಿತ್ತು. ತಿಂಗಳುಗಟ್ಟಲೆ ಎಣ್ಣೆ ಕಾಣದ ಕಬ್ಬಿಣ ಮಾತ್ರ ಹೀಗಾಗುತ್ತದೆ.

"ಏಳು ನಿಂತು ಎಷ್ಟು ದಿನ ಆಯ್ತ್ಲಾ?"

"ಆಷಾಢದಾಗೆ ಕ್ರೇನ್ ಬಂತಣ್ಣ." ಲಕ್ಷ್ಮೀಪತಿ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಗುಜರಿಗೆ ಹಾಕ್ಬುಟ್ರು. ನೆಲದಾಗೆ ನಾಕು ಬೋಲ್ಟು ಉಳ್ಕಂಡವೆ. ಆ ಗುಣಿಯಾಗೆ ಸ್ಕ್ರೂಡ್ರೈವರ್ ಹಾಕಿ ಕೆರೆದೆ, ಇಷ್ಟೇ ಸಿಕ್ಕಿದ್ದು. ಆದ್ರೆ ಏಳರದೇ ಕಣಣ್ಣ, ನಮ್ಮವ್ವನಾಣೆ."

"ನೀನೇನ್ ಮಾಡ್ತಾ ಇದೀಯ ಈಗ?"

"ಪ್ಯಾಕಿಂಗು. ಡಬ್ಬಕ್ಕೆ ಟೇಪು ಅಂಟಿಸ್ತೀನಿ."

ಚನ್ನಕೇಶವ ಹೆಪ್ಪಿನ ಒಂದು ಚೂರನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಹದಿಮೂರು ವರ್ಷ ದುಡಿದು, ಆಮೇಲೆ ಐದು ವರ್ಷ ಕೋರ್ಟಿಗೆ ಅಲೆದು ಕೇಳುತ್ತಿದ್ದದ್ದು ಯಾವುದೋ ಗುಜರಿಯವನ ಒಲೆಯಲ್ಲಿ ಕರಗಿ ಮೂರು ತಿಂಗಳಾಗಿತ್ತು. ಕೊನೆಗೆ, "ಸೈನ್ ಹಾಕಿದೋನಿಗೆ ಟೇಪು, ಹಾಕ್ದೇ ಇದ್ದೋನಿಗೆ ಸಾಣೆಕಲ್ಲು. ನ್ಯಾಯವಾಗೇ ಹಂಚವ್ರೆ ಕಣ್ಲಾ" ಎಂದು ನಕ್ಕ. "ಕೂತ್ಕ. ಕಾರು ಹಿಡ್ಕ, ಅಲುಗಾಡಿಸ್ಬೇಡ."

ತುಕ್ಕಿನ ಹೆಪ್ಪನ್ನು ಗುಂಡುಕಲ್ಲಿನಲ್ಲಿ ಅರೆದ. ತುಕ್ಕು ಒಮ್ಮೆ ಅವನ ಕಾರು ಸೀಳಿತ್ತು. ಈಗ ಹೆದರಿಕೆಯಿರಲಿಲ್ಲ, ಊದುವುದೆಲ್ಲ ಊದಿ ಮುಗಿದಿತ್ತು. ಪುಡಿಯನ್ನು ಬಾಣಲೆಯಲ್ಲಿ ಕಾಯಿಸಿ, ಅರಗಿನಲ್ಲಿ ಕಲಸಿ, ಚಮಚದ ಹಿಂಬದಿಯಿಂದ ಒತ್ತಿ ಒತ್ತಿ ತುಂಬಿದ. ಆರಿದ ಮೇಲೆ ಅಂಗಡಿಗೆ ಒಯ್ದು ತೂಗಿದರೆ ಇನ್ನೂ ಹದಿನೈದು ಗ್ರಾಂ ಕಮ್ಮಿ.

ವರಲಕ್ಷ್ಮಮ್ಮ ಸಾಣೆಕಲ್ಲಿನ ಕೆಳಗಿಡುತ್ತಿದ್ದ ತಟ್ಟೆಯನ್ನು ತಂದು ಅವನ ಮುಂದಿಟ್ಟು ಒಳಗೆ ಹೋದಳು. ಸೊಪ್ಪಿನ ಚಾಕುಗಳ, ದರ್ಜಿಗಳ ಕತ್ತರಿಗಳ ಪುಡಿ. ಅವನು ಅದರ ಮೇಲೆ ಅಯಸ್ಕಾಂತ ಆಡಿಸಿದ. ಹತ್ತಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿದ. ಬಾಣಲೆಗೆ ಹಾಕಿದ.

ಪೂಜೆಯ ದಿನ ಗೇಟಿನ ಎದುರು ಟೀ ಅಂಗಡಿಯ ಬಳಿ ನಿಂತಿದ್ದ. ಬೂದುಗುಂಬಳ ಒಡೆದರು. ನೌಕರರ ಹೆಂಡಿರು ಮಕ್ಕಳು ಹೊಸ ಬಟ್ಟೆಯಲ್ಲಿ ಒಳಗೆ ಹೋದರು. ಆಮೇಲೆ ಒಳಗಿಂದ ಕೂಗು ಕೇಳಿಸಿತು, ಒಂದು ಸಲ, ಇನ್ನೊಂದು ಸಲ. ಯಾವ ಕೂಗು ತನ್ನ ಕಾರಿನದು ಎಂದು ಹೊರಗಿನವನಿಗೆ ಹೇಗೆ ಗೊತ್ತಾಗಬೇಕು? ಟೀ ಆರಿತು.

ಲಕ್ಷ್ಮೀಪತಿ ಕೈಯಲ್ಲಿ ಕಾರು ಹಿಡಿದು ಬಂದ. "ಮೂರನೇದಣ್ಣ."

"ಪುಡಿ ಅಲುಗಾಡ್ತಾ?"

"ಊಹೂಂ. ಗೆರೆ ಎಳ್ದಂಗೆ ಹೋಯ್ತು. ಆ ಬೋಲ್ಟಿದಾವಲ್ಲ, ಅದ್ರ ಪಕ್ಕದಾಗೇ ಹೋಗಿ ನಿಂತ್ಕಂತು."

ಚನ್ನಕೇಶವ ಕಾರನ್ನು ಮನೆಗೆ ತಂದ. ಬೇರಿಂಗುಗಳಿಗೆ ಶಾಪಿನ ನೆಲದ ಕಪ್ಪು ಜಿಡ್ಡು ಮೆತ್ತಿತ್ತು. ಕಾರನ್ನು ಮೂಗಿನ ಹತ್ತಿರ ಹಿಡಿದ. ಮಿಷಿನ್ನು ತಣಿಸುವ ಕೂಲಂಟಿನ ಆ ಹಳೆಯ ಕಮಟು ವಾಸನೆ, ಐದು ವರ್ಷದ ಕೆಳಗೆ ಸೋಪು ಹಾಕಿ ಉಜ್ಜಿದರೂ ಅಂಗೈ ಬಿಡದಿದ್ದದ್ದು.

ವರಲಕ್ಷ್ಮಮ್ಮ ಒರೆಸಲು ಹಳೆಯ ಬಟ್ಟೆ ತಂದಳು.

"ಇರ್ಲಿ ಬಿಡು" ಎಂದ.