ಯಾರ ಬೆನ್ನ ಮೇಲೆ ಯಾರು

ನಿವೃತ್ತ ಸುಬೇದಾರ್ ಲಛಮ್ ಸಿಂಗ್ ಬೋರಾನಿಗೆ ಗುಂಡಿನ ಸದ್ದಿಗಿಂತ ಮೈಕಿನ ಭಯ ಹೆಚ್ಚು. ಬಾಗೇಶ್ವರದಲ್ಲಿ ಮಾಜಿ ಸೈನಿಕರ ಸಭೆ ಸೇರಿದ ದಿನ ಬೇಕೆಂದೇ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದ. ಆದರೂ ಹೆಸರು ಕರೆದೇಬಿಟ್ಟರು.

"ಸುಬೇದಾರ್ ಸಾಬ್, ನಿಮ್ ನೌಕರೀಲಿ ಎಲ್ಲಕ್ಕಿಂತ ಹೆಮ್ಮೆ ಅನ್ಸಿದ್ ಗಳಿಗೆ ಯಾವ್ದು? ಎರಡ್ ಮಾತು ಹೇಳಿ."

ಹೆಮ್ಮೆಗೇನು ಬರವಿರಲಿಲ್ಲ. ರಾಣಿಖೇತದಲ್ಲಿ ತರಬೇತಿ ಮುಗಿಸಿ ಪ್ರಮಾಣ ಮಾಡಿದ ದಿನ ಅಪ್ಪ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ತಲೆ ಬೋಳಿಸಿಕೊಂಡು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ನಿಂತ ಹುಡುಗರಲ್ಲಿ ತನ್ನವನು ಯಾರೆಂದು ತಿಳಿಯದೆ, ಮಗನ ಪಕ್ಕದವನ ಕೈ ಹಿಡಿದು ಅತ್ತುಬಿಟ್ಟಿದ್ದ. ಆ ಹುಡುಗನಿಗೆ ಅಪ್ಪ ಇರಲಿಲ್ಲ. ಅವನೂ ಕೈ ಬಿಡಿಸಿಕೊಳ್ಳಲಿಲ್ಲ. ಅದನ್ನು ನೋಡುತ್ತಾ ನಿಂತ ಲಛಮ್ ಸಿಂಗನಿಗೆ ಆದದ್ದು ಹೆಮ್ಮೆಯೋ ಹೊಟ್ಟೆಕಿಚ್ಚೋ, ಇಂದಿಗೂ ಗೊತ್ತಿಲ್ಲ. ಆಮೇಲೆ ಭೂಕಂಪವಾದ ಊರಿನಲ್ಲಿ ಕಲ್ಲುರಾಶಿಯ ಅಡಿಯಿಂದ ಒಬ್ಬ ಮುದುಕಿಯನ್ನು ಎಳೆದು ತೆಗೆದಿದ್ದ. ಆಕೆ ಹರಸುವುದು ಬಿಟ್ಟು "ನನ್ ಎಮ್ಮೆ ಎಲ್ಲೋ?" ಎಂದು ಬೈದಿದ್ದಳು. ಪದಕಗಳೂ ಎದೆಯ ಮೇಲೆ ಇದ್ದವು.

ಆದರೆ ಮೈಕಿನ ಮುಂದೆ ಬಾಯಿಗೆ ಬಂದದ್ದು ಬೇರೆ.

"ನನ್ ಹೆಮ್ಮೆ ನನ್ದಲ್ಲ. ದೀವಾನ್ ಸಿಂಗ್ ಕಾರ್ಕಿ ಅಂತ ಒಬ್ಬ ಹುಡುಗ ಇದ್ದ, ಅವನ್ದು. ಹಿಮದ ಚೌಕಿಗೆ ನಾವಿಬ್ರೂ ವಾಪಸ್ ಬರ್ತಿದ್ವಿ. ಬಿರುಗಾಳಿ ಹಿಡ್ಕೊಳ್ತು. ನಂಗೆ ಎಚ್ಚರ ತಪ್ಪೋ ಹಂಗಾಯ್ತು. ಅವ್ನು ನನ್ನನ್ನ ತನ್ ಬೆನ್ ಮೇಲೆ ಹಾಕ್ಕೊಂಡು ಚೌಕೀವರೆಗೂ ಹೊತ್ಕೊಂಡ್ ಬಂದ. ಅಂಥವನ ಜೊತೆ ಇದ್ದೆ ಅನ್ನೋದೇ ನನ್ ಹೆಮ್ಮೆ."

ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಮುಂದಿನ ಸಾಲಿನಿಂದ ಒಬ್ಬ ಕುಳ್ಳ, ಕೋಲು ಊರಿಕೊಂಡು ಎದ್ದು ನಿಂತ.

"ಸುಳ್ಳು!" ಎಂದ. "ದಾಜ್ಯೂ, ಯಾಕ್ ಹಿಂಗೆ ಸುಳ್ ಹೇಳ್ತೀಯ? ಹೊತ್ಕೊಂಡ್ ಬಂದವನು ನೀನು! ನಾನು ನಿನ್ ಬೆನ್ ಮೇಲಿದ್ದೆ!"

ಲಛಮ್ ಸಿಂಗ್ ಕಣ್ಣು ಕಿರಿದಾಗಿಸಿ ನೋಡಿದ. ಮೀಸೆ ಬೆಳ್ಳಗಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಆದರೆ 'ದಾಜ್ಯೂ' ಎಂದು ಅಣ್ಣನನ್ನು ಕರೆಯುವಾಗ ಕೊನೆಯಲ್ಲಿ ಎಳೆಯುವ ಆ ರಾಗ, ದೀವಾನನದೇ. ಹಿಮಕ್ಕೆ ಕೈಕಾಲು ಮರಗಟ್ಟಿದ್ದ ಇಬ್ಬರನ್ನೂ ಆಗ ಬೇರೆ ಬೇರೆ ಆಸ್ಪತ್ರೆಗೆ ಸಾಗಿಸಿದ್ದರು. ಕಾಲ್ಬೆರಳು ಕಳೆದುಕೊಂಡ ದೀವಾನ್ ಉಗ್ರಾಣದ ಕೆಲಸಕ್ಕೆ ಹೋದ. ಲಛಮ್ ಸಿಂಗ್ ಪಲ್ಟನ್‌ಗೆ ಮರಳಿದ. ಮತ್ತೆ ಭೇಟಿಯಾಗಿರಲಿಲ್ಲ.

ಇಬ್ಬರೂ ತಬ್ಬಿಕೊಂಡರು. ತಬ್ಬಿಕೊಂಡೇ ಜಗಳ ಶುರುವಾಯಿತು.

"ನಿನ್ ಕೋಟಿಂದ ಸೀಮೆಎಣ್ಣೆ ವಾಸ್ನೆ ಬರ್ತಿತ್ತಲ್ಲೋ ಭುಲಾ. ನನ್ ಮೂಗು ಅದ್ರಲ್ಲೇ ಇತ್ತು" ಎಂದ ಲಛಮ್ ಸಿಂಗ್, ತಮ್ಮನನ್ನು ಕರೆಯುವ ಹಳೆಯ ಸಲುಗೆಯಲ್ಲಿ.

"ಸೀಮೆಎಣ್ಣೆ ಚೆಲ್ಕೊಂಡಿದ್ದು ನೀನು. ಬುಖಾರಿ ಒಲೆ ಹಚ್ಚೋವಾಗ. ಆ ವಾಸ್ನೆ ಕುಡಿದ್ ಕುಡಿದೇ ನಂಗೆ ವಾಂತಿ ಬಂದಿತ್ತು."

"ಮಲಗ್ಬೇಡ ಮಲಗ್ಬೇಡ ಅಂತ ನೀನು ದಾರಿ ಪೂರ್ತಿ ಬೈತಿದ್ದೆ."

"ಬೈದಿದ್ದು ನೀನು! ನಮ್ಮಮ್ಮನ್ನೂ ಬಿಡ್ಲಿಲ್ಲ ನೀನು!"

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೊತ್ತೆ ಅಂತ ಜಗಳ ಆಡೋರನ್ ನೋಡಿದ್ದೀವಿ, ಹೊರ್ಲಿಲ್ಲ ಅಂತ ಆಡೋರನ್ನ ಇವತ್ತೇ ನೋಡಿದ್ದು" ಎಂದನೊಬ್ಬ. ಆದರೆ ಲಛಮ್ ಸಿಂಗನಿಗೆ ನಗು ಬರಲಿಲ್ಲ. ಯಾರೋ ಮನೆಯ ತೊಲೆ ಜರುಗಿಸಿದಂತಾಗಿತ್ತು.

ದೀವಾನನನ್ನು ಊರಿಗೆ ಕರೆದುಕೊಂಡು ಹೋದ. ಹೆಂಡತಿ ಹಂಸಾ ರಾಗಿ ರೊಟ್ಟಿ ತಟ್ಟುತ್ತಿದ್ದವಳು ಬಂದವನ ಹೆಸರು ಕೇಳಿ, ಹಿಟ್ಟಿನ ಕೈಯಲ್ಲೇ ಎದ್ದು ಬಂದು ಅವನ ಕಾಲಿಗೆ ಬಿದ್ದಳು. ದೀವಾನ್ ಹಾವು ಕಂಡವನಂತೆ ಹಿಂದೆ ಸರಿದ.

"ಬೌಜಿ, ಪಾಪ ಕಟ್ಕೊಬೇಡಿ! ನಿಮ್ ಯಜಮಾನ್ರು ನನ್ ಪ್ರಾಣ ಉಳಿಸ್ದೋರು" ಎಂದು ಅತ್ತಿಗೆಯನ್ನು ತಡೆದ.

ವಿಷಯ ತಿಳಿದಾಗ ಹಂಸಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಅಲ್ಲಾರೀ, ಇಷ್ಟ್ ವರ್ಷ ಇವ್ರ ಹೆಸ್ರಲ್ಲಿ ಗೋಲೂ ದೇವ್ರಿಗೆ ಹರಕೆ ಗಂಟೆ ಕಟ್ಟಿದೀನಿ. ಈಗ ಯಾರ್ ಹೆಸ್ರಿಗೆ ಕಟ್ಲಿ? ಇಬ್ರೂ ಕೂತು ತೀರ್ಮಾನ ಮಾಡಿ, ಆಮೇಲೆ ಊಟ."

"ಅಲ್ಲಿ ಮುನ್‌ಸ್ಯಾರೀಲಿ ನನ್ ಹೆಂಡ್ತೀನೂ ದಾಜ್ಯೂ ಹೆಸ್ರಲ್ಲೇ ಕಟ್ತಾಳೆ" ಎಂದ ದೀವಾನ್ ಮೆಲ್ಲಗೆ.

ಚೌಕಿಯಲ್ಲಿ ಆಗ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವನು ರೇವಾಡಿ ಕಡೆಯ ಹರಫೂಲ್. ಮರುದಿನ ಬೆಳಿಗ್ಗೆ ಅವರಿವರನ್ನು ಕೇಳಿ ಅವನ ನಂಬರು ಹುಡುಕಿ ಫೋನು ಹಚ್ಚಿದರು. ಕಿವಿ ಮಂದವಾಗಿದ್ದ ಹರಫೂಲ್ ಇಡೀ ಓಣಿಗೆ ಕೇಳುವಂತೆ ಕಿರುಚಿದ.

"ಯಾರ್ ಯಾರನ್ ಹೊತ್ತರೋ ನಂಗೇನ್ ಗೊತ್ತು! ನಾಯಿ ಬೊಗಳ್ತು ಅಂತ ಹೊರಗ್ ಬಂದೆ. ಗೋಡೆ ಪಕ್ಕ ಇಬ್ರೂ ಬಿದ್ದಿದ್ರಿ, ಗಂಡ ಹೆಂಡ್ತಿ ಹಂಗೆ ತಬ್ಕೊಂಡು. ಹೆಜ್ಜೆ ಗುರ್ತೆಲ್ಲ ಹಿಮ ಮುಚ್ಚಾಕಿತ್ತು. ನಿಮ್ಮಿಬ್ರನ್ನೂ ಒಳಗ್ ಎಳ್ದವನು ನಾನು. ನನ್ ಹೆಸ್ರು ಯಾವನಾದ್ರೂ ಹೇಳಿದೀರಾ?"

ಇಬ್ಬರೂ ತಲೆ ತಗ್ಗಿಸಿ ಹರಫೂಲನ ಬೈಗುಳ ಪೂರ್ತಿ ಕೇಳಿಸಿಕೊಂಡರು. ಮಧ್ಯಾಹ್ನ ದೀವಾನ್ ಮುನ್‌ಸ್ಯಾರಿಯ ಜೀಪು ಹತ್ತಿ ಹೋದ.

ಅಲ್ಲಿಂದ ಲಛಮ್ ಸಿಂಗನ ನೆಮ್ಮದಿ ಕೆಟ್ಟಿತು. ಸಭೆಯ ಸುದ್ದಿ ಊರೂರು ತಿರುಗಿ ಬರುವಷ್ಟರಲ್ಲಿ ಹೊತ್ತವನು ಅವನೇ ಎಂದು ಊರು ತೀರ್ಪು ಕೊಟ್ಟಾಗಿತ್ತು. "ನಮ್ ಸುಬೇದಾರ್ ಸಾಬ್ ದೊಡ್ ಮನುಷ್ಯ, ಹೊತ್ಕೊಂಡ್ ಬಂದೂ ಬೇರೆಯವ್ನ ಹೆಸ್ರು ಹೇಳಿದಾರೆ" ಎಂದು ಚಹಾ ಅಂಗಡಿಯ ಪನೀರಾಮ್ ಬಂದವರಿಗೆಲ್ಲ ಹೇಳುತ್ತಿದ್ದ. ಲಛಮ್ ಸಿಂಗ್ ಅಲ್ಲವೆಂದಷ್ಟೂ ಅವನ ದೊಡ್ಡತನ ಹೆಚ್ಚುತ್ತಿತ್ತು. ಒಳಗೊಳಗೇ ಅವನಿಗದು ಹಿತವಾಗಿಯೂ ಇತ್ತು. ಹಿತವಾದದ್ದಕ್ಕೆ ನಾಚಿಕೆಯಾಗುತ್ತಿತ್ತು. ಒಂದು ವೇಳೆ ನಿಜವಾಗಿಯೂ ಹೊತ್ತಿದ್ದರೆ ನಾಚಿಕೆ ಯಾಕೆ ಎಂದೂ ಅನಿಸುತ್ತಿತ್ತು. ಆ ಬೆನ್ನಿನ ಮೇಲೆ ಕೆನ್ನೆಯಿಟ್ಟ ನೆನಪು ಮಾತ್ರ ಕದಲದೆ ಹಾಗೆಯೇ ಇತ್ತು. ಅದು ಸುಳ್ಳಾದರೆ ನಿಜವೆಂದು ಏನನ್ನು ನಂಬುವುದು?

ತಾಳಲಾರದೆ ಒಂದು ಸಂಜೆ ದೀವಾನನಿಗೆ ಫೋನು ಮಾಡಿದ.

"ಭುಲಾ, ಇಲ್ಲಿ ನನ್ನ ವೀರ ಮಾಡ್ಬಿಟ್ಟಿದಾರೆ ಕಣೋ."

"ಇಲ್ಲಿ ನನ್ನ ಮಾಡಿದಾರೆ ದಾಜ್ಯೂ. ಮೊನ್ನೆ ಸ್ಕೂಲಲ್ಲಿ ಹಾರ ಹಾಕಿದ್ರು."

"ಅಲ್ಲ ಅಂತ ಹೇಳ್ಬೇಕಿತ್ತಪ್ಪ."

"ಮೊದ್ಲು ಹೇಳ್ದೆ. ಆಮೇಲೆ ಲಾಡು ಕೊಟ್ರು, ಬಾಯ್ ತುಂಬಿತ್ತು."

ಇಬ್ಬರೂ ನಕ್ಕರು. ನಗು ಇಳಿದ ಮೇಲೆ ದೀವಾನ್ ದನಿ ತಗ್ಗಿಸಿ ಕೇಳಿದ.

"ದಾಜ್ಯೂ, ಒಂದ್ ಮಾತು. ನಾನು ತುಂಬಾ ಭಾರ ಇದ್ನಾ?"

"ಹೂಂ, ಭಾಳ" ಎಂದ ಲಛಮ್ ಸಿಂಗ್.

ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದೇಬಿಟ್ಟಿತ್ತು. ಅತ್ತ ದೀವಾನ್ "ಗೊತ್ತಿತ್ತು, ಗೊತ್ತಿತ್ತು" ಎನ್ನುತ್ತಾ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಲಛಮ್ ಸಿಂಗ್ ಫೋನು ಕೆಳಗಿಟ್ಟು, ಆ ಮಾತು ತನ್ನೊಳಗೆ ಎಲ್ಲಿಂದ ಎದ್ದುಬಂತೆಂದು ತಿಳಿಯದೆ, ಹಂಸಾ ಎರಡು ಸಲ ಊಟಕ್ಕೆ ಕರೆದರೂ ಎದ್ದು ಹೋಗದೆ ಅಂಗಳದ ಕಟ್ಟೆಯ ಮೇಲೆಯೇ ಕೂತಿದ್ದ.