ಕೋಳಿಯ ಗಡ್ಡ

ಪೂರಿಗಾಲಿಯ ನಮ್ಮ ದೊಡ್ಡಮ್ಮನ ಜೊತೆ ಕೋಳಿ ಹಸನು ಮಾಡಲು ಕೂತರೆ ತಿನ್ನುವ ಆಸೆಯೇ ಸತ್ತುಹೋಗುತ್ತಿತ್ತು. ದೊಡ್ಡಪ್ಪ ಕುಯ್ದು ಬಿಸಿನೀರಿಗೆ ಅದ್ದುತ್ತಿದ್ದರು, ಅಣ್ಣಂದಿರು ಪುಕ್ಕ ಕೀಳುತ್ತಿದ್ದರು, ಕಾಲೇಜು ರಜೆಗೆ ಬಂದ ನಾನು ಅರಿಶಿನ ಸವರಿ ಹುಲ್ಲಿನ ಉರಿಯಲ್ಲಿ ಸುಡುತ್ತಿದ್ದೆ. ದೊಡ್ಡಮ್ಮ ಅದನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಉಳಿದ ನವಿರು ಹುಡುಕಿ, "ಇದ್ಕೂ ಗಡ್ಡ ಬುಟ್ಟಿದ್ದೀರಲ್ರೋ!" ಎಂದು ವಾಪಸು ಎಸೆಯುತ್ತಿದ್ದರು.

ಅವರ ಮಗಳ ಮದುವೆಯ ಮಾತು ಮುಗಿಸಲು ಗಂಡಿನ ಕಡೆಯವರು ಬಂದ ದಿನವೂ ಹಾಗೇ ಆಯಿತು. ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಊಟ ಬೆಳಕಿರುವಾಗಲೇ ಮುಗಿಯಬೇಕಿತ್ತು. ಗಾಡಿ ಬಾಗಿಲಿಗೆ ಬಂದರೂ ಒಂದು ತುಂಡೂ ಒಲೆ ಕಂಡಿರಲಿಲ್ಲ.

"ಅಸ್ಕೊಂಡ್ ಬಂದವ್ರೆ ಕಣೇ, ಸಂಬಂಧ ಮುರ್ದೋಯ್ತದೆ, ಬುಡೇ ಸಾಕು," ಎಂದು ದೊಡ್ಡಪ್ಪ ಗೋಗರೆದರು.

ದೊಡ್ಡಮ್ಮ ಕೇಳಲಿಲ್ಲ. ಹಿತ್ತಲಿಗೆ ಬಂದ ಗಂಡಿನ ತಾಯಿಯ ಕೈಗೇ ಒಂದು ಕೋಳಿ ಕೊಟ್ಟು, "ನೋಡವ್ವ, ಇನ್ನೇನಾರ ಅದಾ?" ಎಂದರು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ.

ಆಕೆ ರೆಕ್ಕೆಯ ಸಂದಿ ಬಿಡಿಸಿ ನೋಡಿ, "ಇಲ್ಲೊಂದೆಳೆ ಅದೆ ಕಣಕ್ಕ," ಎಂದರು.

ದೊಡ್ಡಮ್ಮನ ಮುಖ ಅರಳಿತು. "ನಮ್ ಮಗೀನ ನಿಮ್ಮನೆಗೇ ಕೊಟ್ಟೆ ಕಣವ್ವ, ಕುಂತ್ಕೊ," ಎಂದು ಮಣೆ ಸರಿಸಿ, ನಮ್ಮತ್ತ ತಿರುಗಿದರು. "ಎಲ್ಲಾನೂ ಇನ್ನೊಂದ್ ದಪ ತಕ್ಕಂಬರ್ರೋ, ಈಗ ಇಬ್ರು ನೋಡ್ತೀವಿ."